ನಾಲ್ಕನೇ ವರ್ಷ, ಹದಿನೇಳನೇ ಕಂತು

ಅಸ್ಟೋರಿಯಾ, ಆರೆಗನ್
14 ಅಕ್ಟೋಬರ್ 1996

ಅಮ್ಮನಿಗೆ,

‘ಪ್ರೀತಿಯ’ ಎಂದು ಶುರು ಮಾಡಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಎರಡು ವರ್ಷದ ಮೇಲೆ ಮಗಳ ಕಾಗದ ಬಂತು ಎಂದು ಹಿಗ್ಗಬೇಡ. ನಿನ್ನ ಕ್ಷೇಮ ಕೇಳಲು ಬರೆಯುತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧದಲ್ಲೇ ಹಿಡಿದು ತಿದ್ದಲು ಶುರು ಮಾಡುತ್ತೀಯ. ಕಾಗದವಾದರೆ ಕೊನೆತನಕ ನನ್ನ ಮಾತೇ ಇರುತ್ತದೆ.

ನಾನಿಲ್ಲಿ ಮೀನುಗಾರರ ಹರಿದ ಬಲೆಗಳನ್ನು ಕಟ್ಟಿಕೊಡುವ ಒಂದು ಅಟ್ಟದಲ್ಲಿ ಕೆಲಸ ಮಾಡುತ್ತೇನೆ. ಪಕ್ಕದಲ್ಲಿ ಕೂರುವವಳು ಐನೋ ಎಂಬ ಅರವತ್ತು ದಾಟಿದ ಹೆಂಗಸು. ಏಲಕ್ಕಿ ಹಾಕಿದ ಬ್ರೆಡ್ಡು ತಂದು ಬೇಡವೆಂದರೂ ಬಾಯಿಗೆ ತುರುಕುತ್ತಾಳೆ. ಒಳ್ಳೆಯವಳು. ಅವಳಿಗಿರುವ ಒಂದೇ ಕೆಟ್ಟ ಚಟ ಎಂದರೆ ನಿನ್ನ ‘ಏಳು ಹಡಗು’ ಧಾರಾವಾಹಿ. ಬುಧವಾರ ಸಂಜೆ ಏಳು ಗಂಟೆಗೆ ಟಿ.ವಿ. ಮುಂದೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಗುರುವಾರ ಬೆಳಿಗ್ಗೆ ನಾನು ಕೇಳಲಿ ಬಿಡಲಿ, ಬಲೆ ಕಟ್ಟುತ್ತಾ ಇಡೀ ಕಥೆ ಹೇಳಿ ಮುಗಿಸುತ್ತಾಳೆ. ಹಿಮಗಡ್ಡೆ ತುಂಬಿಕೊಂಡ ಏಳು ಆಕಾಶದ ಹಡಗುಗಳು, ನೀರಿಲ್ಲದೆ ಒಣಗಿ ಸಾಯುತ್ತಿರುವ ಬೇರೊಂದು ಗ್ರಹದ ಊರಿಗೆ ಐದು ವರ್ಷದ ದಾರಿ ಹಿಡಿದು ಹೋಗುತ್ತಿವೆಯಂತೆ, ಮೊದಲ ಹಡಗಿನಲ್ಲಿ ಕಪ್ತಾನಿ ಮಾರೆನ್, ಏಳನೆಯದರಲ್ಲಿ ಅವಳ ಮಗಳು ಟಿಲ್ಲಿಯಂತೆ. ನನಗೆ ಹೇಳುತ್ತಾಳೆ! ನಾನು ಯಾರ ಮಗಳೆಂದು ಅವಳಿಗೆ ಗೊತ್ತಿಲ್ಲ. ಅಪ್ಪ ನನಗೆ ಬಿಟ್ಟುಹೋದದ್ದು ಒಂದು ಬೇರೆ ಮನೆತನದ ಹೆಸರು ಮಾತ್ರ, ಅದು ಇಲ್ಲಿ ಉಪಯೋಗಕ್ಕೆ ಬಂತು.

ಹೋದ ವಾರ ಐನೋ ನನ್ನನ್ನೇ ದಿಟ್ಟಿಸಿ ನೋಡಿ ಅಂದಳು: “ಆ ಟಿಲ್ಲಿ ಹುಡುಗಿನ ನೋಡ್ದಾಗೆಲ್ಲ ನೀನೇ ನೆನಪಾಗ್ತೀಯ ಕಣೇ. ಸಿಟ್ಟು ಬಂದಾಗ ಮಣಿಕಟ್ಟಲ್ಲಿ ಮೂಗು ಉಜ್ಕೊಳ್ತೀಯಲ್ಲ, ಥೇಟ್ ಹಂಗೇ ಉಜ್ಕೊಳ್ತಾಳೆ.” ನಾನು ಕೈಯನ್ನು ಬಲೆಯೊಳಗೆ ಬಚ್ಚಿಟ್ಟುಕೊಂಡೆ.

ಈಗ ವಿಷಯ. ಐನೋ ತಂದ ಪತ್ರಿಕೆಯಲ್ಲಿ ನಿನ್ನ ಸಂದರ್ಶನ ಇತ್ತು. “ಈ ವರ್ಷ ಏಳರಲ್ಲಿ ಒಂದು ಹಡಗು ಉಳಿಯುವುದಿಲ್ಲ” ಎಂದು ಜಂಬದಿಂದ ಹೇಳಿದ್ದೀಯ. ಯಾವ ಹಡಗೆಂದು ನನಗೆ ಗೊತ್ತು. ಏಳನೆಯದು, ಹದಿನೇಳನೇ ಕಂತಿನಲ್ಲಿ. ಟಿಲ್ಲಿಯನ್ನು ಕೊಲ್ಲಬೇಡ. ಇದು ಬೇಡಿಕೆಯಲ್ಲ, ನನ್ನ ಮೂಗು, ನನ್ನ ಮಣಿಕಟ್ಟು, ನನ್ನ ಸಿಟ್ಟು ಎಲ್ಲವನ್ನೂ ಕೇಳದೆ ತೆಗೆದುಕೊಂಡಿದ್ದೀಯಲ್ಲ, ಆ ಹಕ್ಕಿನಿಂದ ಹೇಳುತ್ತಿದ್ದೇನೆ.

ಡೆಲ್ಲಾ ಸ್ಟ್ರೌಡ್


ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ
22 ಅಕ್ಟೋಬರ್ 1996

ಡೆಲ್ಲಾ,

ಮೊದಲು ಒಂದು ಪ್ರಶ್ನೆ. ಹದಿನೇಳನೇ ಕಂತಿನ ವಿಷಯ ಈ ಭೂಮಿಯ ಮೇಲೆ ನಾಲ್ಕೇ ಜನಕ್ಕೆ ಗೊತ್ತು. ನಾನು, ನನ್ನ ಜೊತೆ ಬರೆಯುವ ಬರ್ಟ್, ವಾಹಿನಿಯ ಕಿಪ್ ಮತ್ತು ಅವನ ಮೇಲಿನವನು. ನಿನಗೆ ಹೇಳಿದವರಾರು? ಬರ್ಟ್ ಆಗಿದ್ದರೆ ಹೇಳಿಬಿಡು, ನಾಳೆಯೇ ಅವನ ಕುರ್ಚಿ ಖಾಲಿ ಮಾಡಿಸುತ್ತೇನೆ.

ಎರಡನೆಯದು. ಓದನ್ನು ಅರ್ಧಕ್ಕೆ ಬಿಟ್ಟು, ಒಂದು ಮಾತು ಹೇಳದೆ ಮೂಟೆ ಕಟ್ಟಿಕೊಂಡು ಹೋದವಳು ನೀನು. ಎರಡು ವರ್ಷದಲ್ಲಿ ನಾನು ಕಳಿಸಿದ ಚಳಿಗಾಲದ ಕೋಟು ಬಿಚ್ಚದ ಪೊಟ್ಟಣದಲ್ಲೇ ವಾಪಸ್ ಬಂತು, ಹುಟ್ಟುಹಬ್ಬದ ಪುಸ್ತಕ ವಾಪಸ್ ಬಂತು. ಈಗ ನೀನಾಗಿ ಬರೆದದ್ದು ಒಂದು ಕಲ್ಪನೆಯ ಹುಡುಗಿಯ ಪ್ರಾಣ ಉಳಿಸಲು. ನಿಜವಾದ ಅಮ್ಮ ಸತ್ತಳೋ ಬದುಕಿದಳೋ ಎಂದು ಕೇಳಬೇಕೆನಿಸಲಿಲ್ಲ.

ಮೂರನೆಯದು, ನಿನ್ನ ಮಾತಿಗೆ ಉತ್ತರ: ಆಗುವುದಿಲ್ಲ. ಬೇರೆ ಧಾರಾವಾಹಿಗಳಲ್ಲಿ ಈ ಬುಧವಾರ ಕೈ ಮುರಿದುಕೊಂಡವನು ಮುಂದಿನ ಬುಧವಾರ ಅದೇ ಕೈಯಲ್ಲಿ ಬಂದೂಕು ಹಿಡಿಯುತ್ತಾನೆ. ಹೆಂಡತಿ ಸತ್ತವನು ಎಂಟೇ ದಿನಕ್ಕೆ ನಗುತ್ತಾ ಬರುತ್ತಾನೆ. ನೋಡುವವರಿಗೆ ನೆನಪು ಇರುವುದಿಲ್ಲ ಎಂದು ವಾಹಿನಿಯವರ ನಂಬಿಕೆ. ಎಂಟು ವರ್ಷದ ಹಿಂದೆ ನಾನು ಅವರ ಮುಂದೆ ಕೂತು, ‘ನನಗೆ ಐದು ವರ್ಷ ಕೊಡಿ, ಒಂದೇ ಕಥೆ ಹೇಳುತ್ತೇನೆ, ಮೊದಲ ವರ್ಷ ಮುರಿದ ಕೈ ಐದನೇ ವರ್ಷದಲ್ಲೂ ನೋಯುತ್ತದೆ’ ಎಂದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವರ ನಗು ನಿಲ್ಲಿಸಲು ನನಗೆ ನಾಲ್ಕು ವರ್ಷ ಹಿಡಿಯಿತು.

ಟಿಲ್ಲಿ ಸಾಯುವುದು ಅಲಂಕಾರಕ್ಕಲ್ಲ. ಏಳನೇ ಹಡಗು ಒಡೆಯುತ್ತದೆ. ಮಗಳನ್ನು ಉಳಿಸಲು ಮಾರೆನ್ ತಿರುಗಿದರೆ ನೀರು ನಾಲ್ಕು ತಿಂಗಳು ತಡವಾಗಿ ಊರು ಸೇರುತ್ತದೆ, ಅಷ್ಟರಲ್ಲಿ ಊರೇ ಇರುವುದಿಲ್ಲ. ಅವಳು ತಿರುಗುವುದಿಲ್ಲ. ಐದನೇ ವರ್ಷ ಪೂರ್ತಿ ಅವಳು ಅದರ ಲೆಕ್ಕ ಕೊಡುತ್ತಾಳೆ. ಆ ಒಂದು ಕಲ್ಲು ಕಿತ್ತರೆ ಇಡೀ ಗೋಡೆ ಬೀಳುತ್ತದೆ.

ಮೂಗು ಉಜ್ಜುವುದರ ಮೇಲೆ ಯಾರಿಗೂ ಒಡೆತನ ಇಲ್ಲ.

ಜೋಸ್ಲಿನ್ ಹಾಲ್ಪರ್ನ್


ಅಸ್ಟೋರಿಯಾ
3 ನವೆಂಬರ್ 1996

ಅಮ್ಮನಿಗೆ,

ಬರ್ಟ್‌ನ ಕುರ್ಚಿ ಹಾಗೇ ಇರಲಿ. ನನಗೆ ಹೇಳಿದವಳು ನೀನೇ.

1988ರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ನೆನಪಿದೆಯೇ? ಟರ್ಕಿ ಕೋಳಿಯನ್ನು ನಾವಿಬ್ಬರೂ ಅಡುಗೆಮನೆಯ ಕಟ್ಟೆಯ ಮುಂದೆ ನಿಂತುಕೊಂಡು ತಿಂದೆವು. ಊಟದ ಮನೆಗೆ ಕಾಲಿಡಲು ಜಾಗವಿರಲಿಲ್ಲ. ನಾಲ್ಕೂ ಗೋಡೆಗೆ ನೀನು ಕಾರ್ಡು ಚುಚ್ಚಿದ್ದೆ. ಹಡಗುಗಳಿಗೆ ನೀಲಿ, ಮನುಷ್ಯರಿಗೆ ಹಳದಿ. ಎಡಗೋಡೆಯಿಂದ ಶುರುವಾಗಿ ಬಾಗಿಲ ಮೇಲೆ ಹಾದು ಐದು ವರ್ಷದ ಕಥೆ. “ಮುಟ್ಬೇಡ ಡೆಲ್ಲಾ, ಒಂದು ಉದುರಿದ್ರೂ ನಾನು ಹುಚ್ಚಿ ಆಗ್ತೀನಿ” ಎಂದಿದ್ದೆ. ನೀನು ಅಂಗಡಿಗೆ ಹೋದಾಗ ಕುರ್ಚಿ ಹತ್ತಿ ಓದಿದೆ. ಹನ್ನೊಂದು ವರ್ಷದ ಹುಡುಗಿ ಇನ್ನೇನು ಮಾಡುತ್ತಾಳೆ?

ಹಳದಿ ಕಾರ್ಡು. ನಿನ್ನ ದಪ್ಪ ಕಪ್ಪು ಅಕ್ಷರ. ‘ವರ್ಷ 4, ಕಂತು 17. ಡೆಲ್ಲಾ ಸಾಯುತ್ತಾಳೆ. ನಾನು ತಿರುಗಿ ಹೋಗುವುದಿಲ್ಲ.’

ಹೌದು, ಟಿಲ್ಲಿ ಎಂದಿರಲಿಲ್ಲ, ಡೆಲ್ಲಾ ಎಂದಿತ್ತು. ಮಾರೆನ್ ಎಂದಿರಲಿಲ್ಲ, ನಾನು ಎಂದಿತ್ತು. ಈಗ ಹತ್ತೊಂಬತ್ತರಲ್ಲಿ ನನಗೂ ಅರ್ಥವಾಗುತ್ತದೆ, ಪಾತ್ರಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ ಎಂದು. ಆಗ ಅರ್ಥವಾಗಲಿಲ್ಲ. ನಾಲ್ಕನೇ ವರ್ಷ ಎಂದರೆ ನನಗೆ ಹದಿನೈದು ಎಂದು ಬೆರಳು ಮಡಚಿ ಎಣಿಸಿದೆ. ಹದಿನೇಳನೇ ಕಂತು ಎಂದರೇನೆಂದು ತಿಳಿಯದೆ ತಿಂಗಳ ಹದಿನೇಳನೇ ತಾರೀಕು ಎಂದುಕೊಂಡೆ. ಪ್ರತಿ ತಿಂಗಳು ಹದಿನೇಳಕ್ಕೆ ನನಗೆ ಹೊಟ್ಟೆನೋವು ಬರುತ್ತಿತ್ತಲ್ಲ, ನೀನು “ಸ್ಕೂಲ್ ತಪ್ಪಿಸೋಕೆ ನಾಟಕ” ಎನ್ನುತ್ತಿದ್ದೆಯಲ್ಲ, ಅದು ಇದೇ.

ಅಷ್ಟಕ್ಕೇ ಬಿಡಲಿಲ್ಲ ನಾನು. ಕಾರ್ಡುಗಳನ್ನು ತಿರುಗಿಸಿ ಹಿಂಬದಿಯನ್ನೂ ಓದಿದೆ. ನಟರು ಬಿಟ್ಟುಹೋದರೆ, ಜಗಳ ಮಾಡಿದರೆ, ಸತ್ತರೆ ಕಥೆ ನಿಲ್ಲಬಾರದೆಂದು ಪ್ರತಿ ಪಾತ್ರಕ್ಕೂ ಒಂದು ಹಿಂಬಾಗಿಲು ಇಟ್ಟಿದ್ದೆ, ಪೆನ್ಸಿಲಿನಲ್ಲಿ. ಅಡುಗೆಯವನಿಗೆ: ‘ಬಿಟ್ಟರೆ ಮೂರನೇ ಹಡಗಿಗೆ ವರ್ಗ.’ ಮುದುಕ ವೈದ್ಯನಿಗೆ: ‘ನಿದ್ದೆಯಲ್ಲಿ ಸಾವು, ಮೊಮ್ಮಗ ಬರುತ್ತಾನೆ.’ ನಾಯಿಗೆ ಸಹ: ‘ಇನ್ನೊಂದು ನಾಯಿ. ಯಾರಿಗೂ ಗೊತ್ತಾಗುವುದಿಲ್ಲ.’ ನನ್ನ ಕಾರ್ಡಿನ ಹಿಂಬದಿ ಖಾಲಿ. ಮೂವತ್ತೆಂಟು ಕಾರ್ಡು ತಿರುಗಿಸಿ ನೋಡಿದೆ ಅಮ್ಮ. ಖಾಲಿ ಇದ್ದದ್ದು ನನ್ನದೊಂದೇ.

ನಾಯಿಗೂ ಒಂದು ದಾರಿ ಯೋಚಿಸಿದವಳು ನೀನು.

ಡೆಲ್ಲಾ


ಬರ್ಬ್ಯಾಂಕ್
1 ಡಿಸೆಂಬರ್ 1996

ಡೆಲ್ಲಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಐದು ಸಲ ಉತ್ತರ ಬರೆದು ಹರಿದೆ. ಇದು ಆರನೆಯದು, ಇದನ್ನು ಹರಿಯುವುದಿಲ್ಲ, ಏಕೆಂದರೆ ನನಗೆ ಈಗ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ನಾನು ಚೆನ್ನಾಗಿ ಬರೆಯುತ್ತೇನೆ.

ಎಂಟು ವರ್ಷ! ಎಂಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆಯಲ್ಲ, ಒಂದು ದಿನ ಬಾಯಿ ಬಿಟ್ಟು ಕೇಳಬಾರದಿತ್ತೇ? ‘ಅಮ್ಮ, ಇದೇನು?’ ಎನ್ನಲು ಎಷ್ಟು ಹೊತ್ತು ಬೇಕು? ನಾನು ನಿನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳುತ್ತಿದ್ದೆ: ಪಾತ್ರಗಳ ಹೆಸರುಗಳನ್ನು ವಕೀಲರು ನೋಡಿ ಒಪ್ಪಿಗೆ ಕೊಡುವತನಕ ಗೊತ್ತಿರುವವರ ಹೆಸರು ಹಾಕಿಕೊಳ್ಳುವುದು ನಮ್ಮ ಕಸುಬಿನವರೆಲ್ಲರ ರೂಢಿ. ಆ ಗೋಡೆಯ ಮೇಲೆ ಮೂರು ಊರು ಸುಟ್ಟ ಖಳನಾಯಕನಿಗೆ ನನ್ನ ಹಲ್ಲಿನ ವೈದ್ಯರ ಹೆಸರಿತ್ತು. ಅವರು ಇವತ್ತಿಗೂ ನನ್ನ ಹಲ್ಲು ಕೀಳುತ್ತಿದ್ದಾರೆ, ಒಂದು ಮಾತು ಆಡಿಲ್ಲ.

ಹಿಂಬದಿ ಏಕೆ ಖಾಲಿ ಎಂದೆಯಲ್ಲ. ಬದಲಿ ಸಿಗುವವರಿಗೆ ಹಿಂಬಾಗಿಲು ಇಡುತ್ತೇವೆ. ಅಡುಗೆಯವನು ಹೋದರೆ ಇನ್ನೊಬ್ಬ ಬರುತ್ತಾನೆ. ಆ ಹುಡುಗಿಗೆ ಬದಲಿ ಇರಲಿಲ್ಲ. ನಾಲ್ಕನೇ ವರ್ಷಕ್ಕೆ ಮುಂಚೆ ಅವಳು ಬಿಟ್ಟುಹೋದರೆ ಧಾರಾವಾಹಿಯನ್ನೇ ಮುಚ್ಚಬೇಕಿತ್ತು. ಅಲ್ಲಿ ಬರೆಯಲು ನನಗೆ ಏನೂ ತೋಚಲಿಲ್ಲ, ಅದಕ್ಕೆ ಖಾಲಿ. ಇದನ್ನು ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಒಂದು ವಿಷಯಕ್ಕೆ ಖುಷಿಪಡು, ನಿನ್ನ ಪಕ್ಷಕ್ಕೆ ಕಿಪ್ ಸೇರಿದ್ದಾನೆ. ಮೊನ್ನೆ ಪಾಸ್ಟ್ರಾಮಿ ಮಾಂಸ ತುಂಬಿದ ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕೋಣೆಗೆ ನುಗ್ಗಿ, “ಜೋಸ್ಲಿನ್, ಮಕ್ಕಳ ಊಟದ ಡಬ್ಬಿ ಮೇಲೆ ಆ ಹುಡುಗಿ ಮುಖ ಅಚ್ಚಾಗಿದೆ ಕಣ್ರೀ. ಸತ್ತೋದೋಳ ಮುಖ ನೋಡ್ಕೊಂಡು ಯಾವ ಮಗು ಊಟ ಮಾಡತ್ತೆ?” ಎಂದ.

“ಹಸಿದಿರೋ ಮಗು ಮಾಡತ್ತೆ” ಎಂದೆ.

“ತಮಾಷೆ ಮಾಡ್ಬೇಡಿ. ತಾಯಿ ತಿರುಗ್ಲಿ, ಮಗಳು ಉಳೀಲಿ, ಇಬ್ರೂ ತಬ್ಕೊಂಡು ಅಳ್ಲಿ. ಊರಿಗೆ ನೀರು ಹೆಂಗೋ ಸಿಗತ್ತೆ, ಮಳೆ ಬರ್ಸಿ!”

ನಾನು ಬಾಗಿಲು ತೋರಿಸಿದೆ. ನೀನು ಮತ್ತು ಕಿಪ್. ನಿನ್ನ ಸಹವಾಸ ಯಾರದ್ದು ಎಂದು ನೋಡಿಕೊ.

ಜೋಸ್ಲಿನ್ ಹಾಲ್ಪರ್ನ್


ಅಸ್ಟೋರಿಯಾ
9 ಡಿಸೆಂಬರ್ 1996

ಅಮ್ಮನಿಗೆ,

ಮಡಿಲಲ್ಲಿ ಕೂರಿಸಿಕೊಂಡು ಹೇಳುತ್ತಿದ್ದೆಯಂತೆ. ಯಾವ ಮಡಿಲು? ಆ ವರ್ಷ ಪೂರ್ತಿ ನಿನ್ನ ಮಡಿಲಲ್ಲಿ ಟೈಪ್‌ರೈಟರ್ ಇತ್ತು. ಮರುವರ್ಷ ನನ್ನನ್ನು ಓಹಾಯ್‌ನ ವಸತಿ ಶಾಲೆಗೆ ಸೇರಿಸಿದೆ. “ಗಾಳಿ ಚೆನ್ನಾಗಿದೆ” ಎಂದೆ.

ಆ ಮಾತನ್ನು ನೀನು ಎತ್ತುವುದಿಲ್ಲ ಎಂದು ಗೊತ್ತು, ನಾನೇ ಎತ್ತುತ್ತೇನೆ. 1992ರ ಏಪ್ರಿಲ್. ನನಗೆ ಹದಿನಾಲ್ಕು ತುಂಬಿ ಎಂಟು ತಿಂಗಳು. ಹೊಟ್ಟೆನೋವು ಎಂದರೆ ಶಾಲೆಯವರೂ ಮೊದಲು ನಂಬಲಿಲ್ಲ, ಏಕೆಂದರೆ ‘ನಾಟಕ ಮಾಡುತ್ತಾಳೆ’ ಎಂದು ನೀನು ಮುಂಚೆಯೇ ಅವರಿಗೆ ಹೇಳಿಟ್ಟಿದ್ದೆ. ಅಪೆಂಡಿಕ್ಸ್ ಹೊಟ್ಟೆಯೊಳಗೇ ಒಡೆದಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಾಗ ನಾನು ಶಾಲೆಯ ನರ್ಸ್ ಪೆಲ್ ಅಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: “ಇವತ್ತು ತಾರೀಕು ಎಷ್ಟು?” ಇಪ್ಪತ್ತಮೂರು ಎಂದರು. ಹದಿನೇಳಲ್ಲವಲ್ಲ, ಹದಿನೈದೂ ತುಂಬಿಲ್ಲವಲ್ಲ, ಹಾಗಾದರೆ ಅಮ್ಮ ಬರುತ್ತಾಳೆ ಎಂದುಕೊಂಡೆ.

ಎಂಬತ್ತು ಮೈಲಿ ದಾರಿ. ಬರ್ಬ್ಯಾಂಕಿನಿಂದ ಎರಡು ಗಂಟೆ. ನೀನು ಮೂರನೇ ದಿನ ಸಂಜೆ ಬಂದೆ. ಕಾರು ಕೆಟ್ಟಿತ್ತು ಎಂದೆ. ಲಾಸ್ ಏಂಜಲಿಸಿನಂಥ ಊರಿನಲ್ಲಿ ಎರಡು ದಿನ ಇನ್ನೊಂದು ಕಾರು ಸಿಗಲಿಲ್ಲ!

ಕಾರ್ಡಿನ ಮೇಲೆ ಎರಡು ವಾಕ್ಯ ಇತ್ತಲ್ಲ. ಮೊದಲನೆಯದನ್ನು ನಾನು ಮರೆತೇನು. ಎರಡನೆಯದನ್ನು ನೀನು ಮೂರೂವರೆ ವರ್ಷ ಮುಂಚೆಯೇ ಬರೆದು, ತಾಲೀಮು ಮಾಡಿ, ನನ್ನ ಮೇಲೆ ಆಡಿದೆ.

ಆದ್ದರಿಂದ ಮಾತು ಬದಲಿಸುತ್ತೇನೆ. ಟಿಲ್ಲಿ ಸಾಯಲೇಬೇಕಾದರೆ ಸಾಯಲಿ. ಆದರೆ ಮಾರೆನ್ ತಿರುಗಲಿ. ತಲುಪುವಷ್ಟರಲ್ಲಿ ಎಲ್ಲ ಮುಗಿದಿದ್ದರೂ ಸರಿ, ಒಮ್ಮೆ ಆ ಹಡಗು ತಿರುಗಲಿ. ನಾನು ಇನ್ನೇನೂ ಕೇಳುವುದಿಲ್ಲ.

ಡೆಲ್ಲಾ


ಬರ್ಬ್ಯಾಂಕ್
8 ಜನವರಿ 1997

ಡೆಲ್ಲಾ,

ಇಲ್ಲ. ಅವಳು ತಿರುಗುವುದಿಲ್ಲ.

ಇಪ್ಪತ್ತನೇ ತಾರೀಕಿನಿಂದ ಹದಿನೇಳನೇ ಕಂತಿನ ಚಿತ್ರೀಕರಣ. ಈ ವಿಷಯವಾಗಿ ಇನ್ನು ಬರೆಯಬೇಡ.

ಜೋ. ಹಾ.


ಅಸ್ಟೋರಿಯಾ
15 ಜನವರಿ 1997

ಜೋಸ್ಲಿನ್ ಹಾಲ್ಪರ್ನ್ ಅವರಿಗೆ,

ತಮ್ಮ ಪತ್ರ ತಲುಪಿತು. ತಮ್ಮ ಧಾರಾವಾಹಿ ಚೆನ್ನಾಗಿ ನಡೆಯಲಿ. ತಾವೂ ಇನ್ನು ಬರೆಯುವ ಶ್ರಮ ತೆಗೆದುಕೊಳ್ಳಬೇಡಿ. ಇಲ್ಲಿಂದ ಉತ್ತರ ಬರುವುದಿಲ್ಲ.

ಡಿ. ಸ್ಟ್ರೌಡ್


ಬರ್ಬ್ಯಾಂಕ್
9 ಮಾರ್ಚ್ 1997

ಡೆಲ್ಲಾ,

ಉತ್ತರ ಬೇಡ, ಓದು ಸಾಕು. ಒಲೆಗೆ ಹಾಕುವುದಾದರೂ ಓದಿ ಹಾಕು.

ಚಿತ್ರೀಕರಣ ಮುಗಿದಿದೆ. ಟಿಲ್ಲಿಯ ಪಾತ್ರದ ಪೆನ್ನಿ ಎಂಬ ಹುಡುಗಿ ಸಾಯಲು ತುದಿಗಾಲಲ್ಲಿ ನಿಂತಿದ್ದಳು, ಅವಳಿಗೆ ಸಿನಿಮಾ ಸಿಕ್ಕಿದೆ. ಕೇಕ್ ಕತ್ತರಿಸಿ ಕಳಿಸಿಕೊಟ್ಟೆವು. ಟಿಲ್ಲಿಯ ಸಾವಿನ ಬಗ್ಗೆ ನನ್ನನ್ನು ಬಿಟ್ಟು ಯಾರಿಗೂ ಚಿಂತೆ ಇರಲಿಲ್ಲ.

ನಿನ್ನಿಂದ ಮುಚ್ಚಿಟ್ಟದ್ದೊಂದಿದೆ. ಕ್ರಿಸ್ಮಸ್ ರಜೆಯಲ್ಲಿ ಸ್ಟುಡಿಯೋ ಮುಚ್ಚಿದ್ದಾಗ, ನಿನ್ನ ಡಿಸೆಂಬರಿನ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಮಾರೆನ್ ತಿರುಗುವ ಕಂತನ್ನು ಬರೆದೆ. ನಾಲ್ಕು ದಿನ ಹಿಡಿಯಿತು. ಗೋಡೆ ಬೀಳುತ್ತದೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಯಾವ ಗೋಡೆಯನ್ನೂ ಬೀಳದಂತೆ ನಿಲ್ಲಿಸಬಲ್ಲೆ. ಐದನೇ ವರ್ಷವನ್ನು ಸರಿಪಡಿಸುವುದು ಹೇಗೆಂದು ಒಂದೇ ಮಧ್ಯಾಹ್ನದಲ್ಲಿ ಹೊಳೆಯಿತು. ಮಾರೆನ್ ತಿರುಗುತ್ತಾಳೆ, ತಲುಪುತ್ತಾಳೆ, ಮಗಳ ಕೈ ಹಿಡಿಯುತ್ತಾಳೆ. ಬರ್ಟ್‌ಗೆ ಓದಲು ಕೊಟ್ಟೆ. ಇಪ್ಪತ್ತು ವರ್ಷ ನನ್ನ ಜೊತೆ ಬರೆದಿದ್ದಾನೆ, ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. “ಇದನ್ನೇ ಮಾಡೋಣ, ಜೋಸ್. ಇದು ನೀನು ಬರೆದಿರೋದ್ರಲ್ಲೇ ಚೆನ್ನಾಗಿರೋದು” ಎಂದು ಕೈ ಹಿಡಿದ.

ಅಷ್ಟು ಚೆನ್ನಾಗಿದ್ದದ್ದಕ್ಕೇ ನನಗೆ ಹೇಸಿಗೆಯಾಯಿತು. ತಿರುಗಿ ಬಂದ ತಾಯಿಯ ಮುಖ ಹೇಗಿರುತ್ತದೆ, ಬಾಗಿಲಲ್ಲಿ ನಿಂತಾಗ ಅವಳ ಬಾಯಲ್ಲಿ ಯಾವ ಮಾತು ಬರುತ್ತದೆ ಎಂದು ಅಷ್ಟು ಸಲೀಸಾಗಿ ಬರೆದಿದ್ದೆ. ಅದೊಂದೂ ನಾನು ಮಾಡಿದ್ದಲ್ಲ. ಎಂಬತ್ತು ಮೈಲಿ ಹೋಗದವಳು ಆಕಾಶದಲ್ಲಿ ಹಡಗು ತಿರುಗಿಸಿ, ಅದಕ್ಕೆ ಪ್ರಶಸ್ತಿಯನ್ನೂ ತೆಗೆದುಕೊಳ್ಳುತ್ತಾಳೆ! ಆ ಪುಟಗಳನ್ನು ಕಿಪ್ ಕೈಗೆ ಸಿಗದಂತೆ ಹರಿದು ಹಾಕಿದೆ. ಕಿಪ್‌ಗೆ ‘ಹಳೆಯದೇ ಇರಲಿ, ಇಲ್ಲವಾದರೆ ನಾನು ಮನೆಗೆ ಹೋಗುತ್ತೇನೆ’ ಎಂದೆ. ಅವನು ಒಪ್ಪಿದ, ಪಾಪ, ಒಂದು ವಾರ ಊಟದ ಡಬ್ಬಿಗಳ ಬಗ್ಗೆ ಗೊಣಗಿದ.

ಪ್ರಸಾರ ಏಪ್ರಿಲ್ ಹದಿನಾರು, ಬುಧವಾರ. ನೋಡಬೇಕೆಂದು ಹೇಳುತ್ತಿಲ್ಲ.

ಜೋಸ್ಲಿನ್


ಅಸ್ಟೋರಿಯಾ
17 ಏಪ್ರಿಲ್ 1997

ಅಮ್ಮನಿಗೆ,

ನೋಡಿದೆ. ನಾನಾಗಿ ಹೋಗಲಿಲ್ಲ, ಐನೋ ಎಳೆದುಕೊಂಡು ಹೋದಳು. “ಇವತ್ತು ಏನೋ ಕೆಟ್ಟದ್ದು ಆಗತ್ತೆ, ಒಬ್ಳೇ ಕೂತು ನೋಡೋಕೆ ನನ್ನ ಕೈಲಾಗಲ್ಲ, ಬಾರೇ” ಎಂದಳು. ಹೊರಗೆ ಕಡಲಸಿಂಹಗಳು ಬೊಗಳುತ್ತಿದ್ದವು, ಐನೋ ಎದ್ದು ಕಿಟಕಿ ಮುಚ್ಚಿ ಬಂದಳು.

ಹಡಗು ಒಡೆದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಟಿಲ್ಲಿ ರೇಡಿಯೋದಲ್ಲಿ, “ಅಮ್ಮ, ತಿರುಗಿದೀಯಾ?” ಎಂದಳು. ಮಾರೆನ್ ಚುಕ್ಕಾಣಿಯ ಚಕ್ರದ ಮೇಲೆ ಕೈಯಿಟ್ಟು, ನಕ್ಷೆ ನೋಡಿ, ಚಕ್ರವನ್ನು ಒಂದು ಕೂದಲಷ್ಟೂ ಅಲ್ಲಾಡಿಸದೆ, “ಹೊರಟೆ ಕಣೇ. ದಾರೀಲಿದ್ದೀನಿ. ಮಲ್ಕೊ” ಎಂದಳು. ಆಮೇಲೆ ಟಿಲ್ಲಿಯ ಕಡೆಯಿಂದ ಗೊರಗೊರ ಸದ್ದು ಮಾತ್ರ.

ಐನೋ ಗೊಳೋ ಎಂದು ಅತ್ತಳು. ಟಿ.ವಿ.ಗೆ ಕಾಲಿನ ಚಪ್ಪಲಿ ಎಸೆದು, “ಸುಳ್ಳಿ! ಪಾಪಿ ಮುಂಡೆ! ಸಾಯೋ ಮಗು ಹತ್ರ ಸುಳ್ಳು ಹೇಳ್ತಾಳಲ್ಲ!” ಎಂದು ಬೈದಳು. ದೇಶದಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಅತ್ತರೋ. ನಾನು ಅಳಲಿಲ್ಲ.

ಮಾರೆನ್ ಹೇಳಿದ ಆ ಮಾತು ಕಾರ್ಡಿನಲ್ಲಿ ಇರಲಿಲ್ಲ. ಆ ಮಾತು ನಾನು ಕೇಳಿದ್ದು. ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ತಳ್ಳಿಕೊಂಡು ಹೋಗುವ ಮುಂಚೆ ಪೆಲ್ ಅಮ್ಮ ಫೋನನ್ನು ನನ್ನ ಕಿವಿಗೆ ಹಿಡಿದಿದ್ದರು. ಮಂಪರಿನಲ್ಲಿ ಕಂಡ ಕನಸು ಎಂದುಕೊಂಡು ಐದು ವರ್ಷ ಸುಮ್ಮನಿದ್ದೆ. ಕನಸಲ್ಲ. ‘ಹೊರಟೆ ಕಣೇ. ದಾರೀಲಿದ್ದೀನಿ. ಮಲ್ಕೊ.’ ಒಂದಕ್ಷರ ಬದಲಿಸಿಲ್ಲ ನೀನು.

ಗೆದ್ದೆ ಎಂದು ನೀನು ಅಂದುಕೊಂಡಿರಬಹುದು. ಮಾರ್ಚಿನ ಕಾಗದದಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದೀಯ, ನಿಜ ಬರೆಯುವ ಸಲುವಾಗಿ ಒಳ್ಳೆಯದನ್ನು ಹರಿದು ಹಾಕಿದೆಯಂತೆ! ಅಮ್ಮ, ನೀನು ಆ ನಿಜವನ್ನು ಅರವತ್ತು ಲಕ್ಷ ಜನಕ್ಕೆ ಹೇಳಿದೆ. ನಟಿಯ ಬಾಯಲ್ಲಿ ಹೇಳಿಸಿದೆ, ಹಿಂದೆ ಪಿಟೀಲು ಬಾರಿಸಿದೆ. ಊರಿಗೆ ನೀರು ಬೇಕಾಗಿತ್ತು ಎಂದು ಒಂದು ಭಾರಿ ಕಾರಣವನ್ನೂ ಅವಳ ಕೈಗೆ ಕೊಟ್ಟೆ. ಮಾರೆನ್ ತಿರುಗದಿದ್ದರೆ ಒಂದು ಊರು ಉಳಿಯುತ್ತದೆ. ನೀನು ತಿರುಗದಿದ್ದರೆ ಏನು ಉಳಿಯಿತು?

ನನಗೆ ಒಂದು ಕಾಗದ ಬರೆ. ಅದರಲ್ಲಿ ಹಡಗು ಇರಬಾರದು, ಹಿಮ ಇರಬಾರದು, ಮಾರೆನ್ ಇರಬಾರದು. ಆ ಫೋನ್ ಬಂದಾಗ ನೀನು ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಅಷ್ಟೇ. ಚೆನ್ನಾಗಿ ಬರೆಯಬೇಡ.

ಡೆಲ್ಲಾ


ಬರ್ಬ್ಯಾಂಕ್
27 ಏಪ್ರಿಲ್ 1997

ಡೆಲ್ಲಾ,

ಕಾರು ಕೆಟ್ಟಿರಲಿಲ್ಲ.

ಗುರುವಾರ ಸಂಜೆ ನಾಲ್ಕೂಕಾಲಿಗೆ ಮೊದಲನೇ ಫೋನ್ ಬಂತು. ನಾನು ಸ್ಟುಡಿಯೋದ ಹಿಂದಿನ ಚಿಕ್ಕ ಕೋಣೆಯಲ್ಲಿದ್ದೆ, ಬರ್ಟ್ ಜೊತೆ. ಸೋಮವಾರದಿಂದ ವಾಹಿನಿಯವರಿಗೆ ತೋರಿಸುವ ಮಾದರಿ ಕಂತಿನ ಚಿತ್ರೀಕರಣ ಇತ್ತು. ಒಂದು ದೃಶ್ಯ ಸರಿಯಾಗಿಲ್ಲ ಎಂದು ವಾಹಿನಿಯವರು ವಾಪಸ್ ಕಳಿಸಿದ್ದರು. ಪೆಲ್ ಅಮ್ಮ, “ಹೊಟ್ಟೆನೋವು ಜಾಸ್ತಿಯಾಗಿದೆ, ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದ್ದೀವಿ, ನೀವು ಬನ್ನಿ” ಎಂದರು. ನಾಟಕ ಇರಬಹುದು ಎಂದುಕೊಂಡೆ. ಆರಕ್ಕೆ ಹೊರಡುತ್ತೇನೆ ಎಂದೆ.

ಆರಕ್ಕೆ ಎರಡನೇ ಫೋನ್. ಒಡೆದಿದೆ, ಈಗಲೇ ಶಸ್ತ್ರಚಿಕಿತ್ಸೆ ಎಂದರು. ನಾಟಕವಲ್ಲ ಎಂದು ಗೊತ್ತಾಯಿತು. ಫೋನನ್ನು ನಿನ್ನ ಕಿವಿಗೆ ಹಿಡಿದಾಗ ನಾನು ಹೇಳಿದ್ದು ನಿನಗೆ ಗೊತ್ತು. ಹೇಳುವಾಗ ನಾನು ಕುರ್ಚಿಯಿಂದ ಎದ್ದಿರಲಿಲ್ಲ. ಪೆನ್ಸಿಲು ಕೈಯಲ್ಲೇ ಇತ್ತು. ಬರ್ಟ್, “ಹೋಗು, ನಾನು ನೋಡ್ಕೋತೀನಿ” ಎಂದ. “ಡಾಕ್ಟರ್ ಇದ್ದಾರಲ್ಲ, ನಾನು ಹೋಗಿ ಏನ್ ಮಾಡ್ಲಿ? ಇದೊಂದು ಮುಗಿಸ್ತೀನಿ” ಎಂದೆ. ಹೆದರಿಕೆಯಾಗಿತ್ತು ಎಂದು ಬರೆದರೆ ನಿನಗೆ ಸಮಾಧಾನವಾಗಬಹುದು. ಹೆದರಿಕೆಯಾಗಿರಲಿಲ್ಲ. ದೃಶ್ಯ ಮುಗಿಸಬೇಕೆನಿಸಿತ್ತು.

ಎರಡೂವರೆ ಪುಟದ್ದು. ಇಬ್ಬರು ಮಾತಾಡುತ್ತಾರೆ, ಅಷ್ಟೇ. ಶುಕ್ರವಾರ ಪೂರ್ತಿ ಬರೆದೆ. ಶುಕ್ರವಾರ ಎರಡು ಸಲ ಆಸ್ಪತ್ರೆಯಿಂದ ಫೋನ್ ಬಂತು, ಬರ್ಟ್ ತೆಗೆದುಕೊಂಡ. ಜ್ವರ ಇಳಿದಿಲ್ಲ ಎಂದ. ಹೂಂ ಎಂದೆ. ಒಟ್ಟು ಹನ್ನೊಂದು ಸಲ ತಿದ್ದಿದೆ. ಶನಿವಾರ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ತಲೆ ಬಾಚಿಕೊಂಡು ಹೊರಟೆ. ದಾರಿಯಲ್ಲಿ ಕಾರಿನ ಸುಳ್ಳು ಯೋಚಿಸಿಕೊಂಡೆ.

ನೀನು ನಿದ್ದೆ ಮಾಡುತ್ತಿದ್ದೆ. ಪೆಲ್ ಅಮ್ಮ ನನ್ನ ಮುಖ ನೋಡದೆ, “ಎರಡು ದಿನದಿಂದ ಬಾಗ್ಲು ಕಡೆಗೇ ಮುಖ ಮಾಡ್ಕೊಂಡಿದ್ಲು. ಈಗಷ್ಟೇ ಆ ಕಡೆ ತಿರುಗಿದ್ಲು” ಎಂದು ಹೇಳಿ ಹೊರಗೆ ಹೋದರು.

ನೀನು ಕೇಳಿದ್ದು ಇಷ್ಟೇ, ಆದರೆ ಇನ್ನೊಂದಿದೆ. ಇದು ಬರ್ಟ್‌ಗೂ ಮರೆತುಹೋಗಿದೆ, ನಾನು ಯಾರಿಗೂ ಹೇಳಿಲ್ಲ. ಸೋಮವಾರ ಬೆಳಿಗ್ಗೆ ಲೆಕ್ಕ ಹಾಕಿದಾಗ ಕಂತು ಬೇಕಾದ್ದಕ್ಕಿಂತ ಆರು ನಿಮಿಷ ಉದ್ದವಾಗಿತ್ತು. ಏನನ್ನಾದರೂ ತೆಗೆಯಬೇಕಾಗಿತ್ತು. ಬರ್ಟ್ ಆ ಎರಡೂವರೆ ಪುಟದ ಮೇಲೆ ಪೆನ್ನಿಟ್ಟು ನನ್ನ ಮುಖ ನೋಡಿದ. ನಾನು ಕಾಫಿ ಕುಡಿಯುತ್ತಿದ್ದೆ.

“ಹೊಡೆದು ಹಾಕು” ಎಂದೆ. “ಅದಿಲ್ದೇ ಇದ್ರೂ ನಡಿಯತ್ತೆ.”

ಅಮ್ಮ